ಲೇತ್ ಕೊಳ್ಳುವ ಮುನ್ನ

ಬಿತ್ತನೆಯ ಕಾಲದಲ್ಲಿ ಟ್ರಾಕ್ಟರ್ ನೇಗಿಲಿನ ಪಿನ್ನು ಮುರಿದರೆ, ಪೇಟೆಗೆ ಹೋಗಿ ಬರುವಷ್ಟರಲ್ಲಿ ನೆಲದ ಹದವೇ ಆರಿಹೋಗುತ್ತದೆ. ಕಬ್ಬಿಣದ ಕೆಲಸದಲ್ಲಿ ಆಸಕ್ತಿಯುಳ್ಳ ರೈತರು ಮನೆಯಲ್ಲೇ ಸಣ್ಣ ವರ್ಕ್‌ಶಾಪ್ ಇಟ್ಟುಕೊಳ್ಳುವುದು ಒಳ್ಳೆಯದೇ. ಆದರೆ ಮೊದಲಿಗೇ ಲೇತ್‌ಗೆ ಹಣ ಸುರಿಯಬೇಡಿ. ಗಟ್ಟಿಯಾದ ವೈಸ್, ಸಾಣೆಯಂತ್ರ, ಸ್ಟ್ಯಾಂಡ್ ಇರುವ ಡ್ರಿಲ್ ಇದ್ದರೆ ಸಣ್ಣಪುಟ್ಟ ದುರಸ್ತಿ ಸಾಗುತ್ತದೆ. ದುಂಡು ಭಾಗ ಕಡೆಯಲು, ಥ್ರೆಡ್ ಹಾಕಲು ಲೇತ್ ಬೇಕು.

ಹಳೆಯ ಲೇತ್ ಕೊಳ್ಳುವಾಗ ಹೊಸ ಬಣ್ಣಕ್ಕೆ ಮರುಳಾಗದಿರಿ. ಚಕ್ಕಿಗೆ ಉದ್ದನೆಯ ಸರಳು ಕಚ್ಚಿಸಿ ಮೇಲೆತ್ತಿ ನೋಡಿ. ಅಲುಗಾಡಿದರೆ ಬೇರಿಂಗ್ ಸವೆದಿರಬಹುದು. ಉಳಿ ಹೊರುವ ಸ್ಯಾಡಲ್ಲನ್ನು ಈ ತುದಿಯಿಂದ ಆ ತುದಿಗೆ ಸರಿಸಿ. ಚಕ್ಕಿನ ಬಳಿ ಸಡಿಲ, ಹಿಂದೆ ಬಿಗಿಯಾದರೆ ಅದು ಜಾರುವ ಬೆಡ್ ಸವೆದಿದೆಯೆಂದು ತಿಳಿಯಿರಿ. ಮನೆಯಲ್ಲಿ 230 ವೋಲ್ಟಿನ ಸಿಂಗಲ್ ಫೇಸ್ ಇದ್ದರೆ ಮೋಟಾರೂ ಅದಕ್ಕೆ ತಕ್ಕದ್ದಿರಲಿ.

ಕಣ್ಣಿಗೆ ಕನ್ನಡಕವಿರಲಿ. ತಿರುಗುವ ಲೇತಿನ ಮುಂದೆ ಹೆಗಲ ಟವೆಲ್, ಸಡಿಲ ತೋಳು, ಕೈಗವಸು ಬೇಡ.