ಅನ್ಯಗ್ರಹ ಆಕ್ರಮಣದ ಚಲನಚಿತ್ರಗಳು

ಅನ್ಯಗ್ರಹ ಆಕ್ರಮಣದ ಚಲನಚಿತ್ರಗಳು ವೈಜ್ಞಾನಿಕ ಕಲ್ಪನೆಯ ಚಿತ್ರಗಳ ಒಂದು ಪ್ರಭೇದ. ಬೇರೊಂದು ಗ್ರಹದ ಜೀವಿಗಳು ಭೂಮಿಯ ಮೇಲೆ ದಾಳಿ ಮಾಡುವುದು ಮತ್ತು ಮಾನವರು ಅವುಗಳನ್ನು ಎದುರಿಸುವುದು ಇವುಗಳ ಮುಖ್ಯ ಕಥಾವಸ್ತು.

ಮೂಲ

ಈ ಪ್ರಭೇದಕ್ಕೆ ತಳಹದಿ ಹಾಕಿದ ಕೃತಿ ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ ಅವರ 'ದಿ ವಾರ್ ಆಫ್ ದ ವರ್ಲ್ಡ್ಸ್' ಕಾದಂಬರಿ. ಇದು 1898ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಯಿತು. ಮಂಗಳ ಗ್ರಹದವರು ಮೂರು ಕಾಲಿನ ಯಂತ್ರಗಳನ್ನೇರಿ ಇಂಗ್ಲೆಂಡನ್ನು ಧ್ವಂಸಗೊಳಿಸುತ್ತಾರೆ. ಕೊನೆಗೆ ಅವರನ್ನು ಕೊಲ್ಲುವುದು ಸೈನ್ಯವಲ್ಲ, ಭೂಮಿಯ ಸೂಕ್ಷ್ಮಾಣುಜೀವಿಗಳು. ಯುರೋಪಿಯನ್ನರು ಟಾಸ್ಮೇನಿಯಾದ ಮೂಲನಿವಾಸಿಗಳನ್ನು ನಾಶಗೊಳಿಸಿದ್ದನ್ನು ವೆಲ್ಸ್ ಮೊದಲ ಅಧ್ಯಾಯದಲ್ಲಿಯೇ ನೆನಪಿಸಿ, ಅನ್ಯರನ್ನು ಆಕ್ರಮಿಸಿದ ರಾಷ್ಟ್ರವನ್ನೇ ಆಕ್ರಮಣಕ್ಕೊಳಗಾದವರ ಸ್ಥಾನದಲ್ಲಿ ನಿಲ್ಲಿಸಿದರು.

ಸಮುದ್ರದಾಚೆಯಿಂದ ಬಂದ ಬಲಿಷ್ಠರ ದಾಳಿ ಕನ್ನಡ ಕರಾವಳಿಗೆ ಕೇವಲ ಕಲ್ಪನೆಯಾಗಿರಲಿಲ್ಲ. ಕಾರವಾರದ ಬಳಿ ಕಾಳಿ ನದಿಯ ಮುಖದಲ್ಲಿ ಸೋದೆ ಅರಸರು ಕಟ್ಟಿಸಿದ ಸದಾಶಿವಗಡ ಕೋಟೆಯನ್ನು 1752ರಲ್ಲಿ ಪೋರ್ಚುಗೀಸರು ವಶಪಡಿಸಿಕೊಂಡರು. ಮುಂದೆ ಅದು ಹೈದರಾಲಿಯ ಸೈನ್ಯದ ಕೈಸೇರಿತು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಈ ಪ್ರದೇಶವೆಲ್ಲ ಬ್ರಿಟಿಷರ ಆಳ್ವಿಕೆಗೆ ಒಳಪಟ್ಟಿತು. ವೆಲ್ಸ್ ತಮ್ಮ ಓದುಗರಿಗೆ ಊಹಿಸಿಕೊಳ್ಳಲು ಹೇಳಿದ ಸ್ಥಿತಿಯನ್ನು ಇಂತಹ ಊರುಗಳು ಅದಾಗಲೇ ಅನುಭವಿಸಿದ್ದವು.

ಹಾಲಿವುಡ್‌ನಲ್ಲಿ

1953ರಲ್ಲಿ ಬೈರನ್ ಹ್ಯಾಸ್ಕಿನ್ ಈ ಕಾದಂಬರಿಯನ್ನು ತೆರೆಗೆ ತಂದರು. ಕಥೆ ಕ್ಯಾಲಿಫೋರ್ನಿಯಾಕ್ಕೆ ಸ್ಥಳಾಂತರಗೊಂಡಿತು. ಮೂರು ಕಾಲಿನ ಯಂತ್ರಗಳ ಬದಲು ತೇಲುವ ಯಂತ್ರಗಳು ಬಂದವು. ವಿಶೇಷ ದೃಶ್ಯಪರಿಣಾಮಗಳಿಗಾಗಿ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. 2005ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅದೇ ಕಾದಂಬರಿಯನ್ನು ಮತ್ತೆ ಚಿತ್ರಿಸಿದರು. ರೋಲ್ಯಾಂಡ್ ಎಮ್ಮರಿಕ್ ಅವರ 'ಇಂಡಿಪೆಂಡೆನ್ಸ್ ಡೇ' (1996) ಚಿತ್ರದಲ್ಲಿ ಸೂಕ್ಷ್ಮಾಣುಜೀವಿಗಳ ಸ್ಥಾನವನ್ನು ಕಂಪ್ಯೂಟರ್ ವೈರಸ್ ಪಡೆಯಿತು. ವೆಲ್ಸ್‌ರಲ್ಲಿ ಮನುಷ್ಯನ ಪ್ರಯತ್ನವಿಲ್ಲದೆ ಲಭಿಸಿದ ಗೆಲುವು ಇಲ್ಲಿ ಮನುಷ್ಯನ ಜಾಣ್ಮೆಯ ಗೆಲುವಾಯಿತು.

ಭಾರತದಲ್ಲಿ

ಭಾರತೀಯ ಚಿತ್ರಗಳಲ್ಲಿ ಅನ್ಯಗ್ರಹಜೀವಿ ಹೆಚ್ಚಾಗಿ ಅತಿಥಿಯಾಗಿಯೇ ಬಂದಿದೆ. ಸತ್ಯಜಿತ್ ರಾಯ್ 1962ರಲ್ಲಿ ಬರೆದ 'ಬಂಕುಬಾಬುರ್ ಬಂಧು' ಎಂಬ ಬಂಗಾಳಿ ಕಥೆಯಲ್ಲಿ ಆಗಂತುಕನು ಸ್ನೇಹಶೀಲನು. ಅದೇ ದಶಕದಲ್ಲಿ ಅವರು ಸಿದ್ಧಪಡಿಸಿದ 'ದಿ ಏಲಿಯನ್' ಚಿತ್ರಕಥೆ ಚಿತ್ರವಾಗಲಿಲ್ಲ. ತಮಿಳಿನ 'ಕಲೈ ಅರಸಿ' (1963) ಚಿತ್ರದ ಅನ್ಯಗ್ರಹದವನು ಭೂಮಿಯ ಗಾಯಕಿಯೊಬ್ಬಳನ್ನು ಅಪಹರಿಸುವುದು ತನ್ನ ಲೋಕಕ್ಕೆ ಸಂಗೀತವನ್ನು ಕಲಿಸಲೆಂದು. ಹಿಂದಿಯ 'ಕೋಯಿ... ಮಿಲ್ ಗಯಾ' (2003), 'ಪಿಕೆ' (2014) ಮತ್ತು ತಮಿಳಿನ 'ಅಯಲಾನ್' (2024) ಚಿತ್ರಗಳಲ್ಲಿಯೂ ಆಗಂತುಕನು ಮಿತ್ರನೇ.

ಕನ್ನಡದಲ್ಲಿ

ಕನ್ನಡ ಸಾಹಿತ್ಯದಲ್ಲಿ ರಾಜಶೇಖರ ಭೂಸನೂರಮಠ ಮೊದಲಾದವರು ವೈಜ್ಞಾನಿಕ ಕಥೆ, ಕಾದಂಬರಿಗಳನ್ನು ಬೆಳೆಸಿದರೂ ಚಿತ್ರರಂಗದಲ್ಲಿ ಅಂತಹ ಪ್ರಯೋಗಗಳು ವಿರಳ. ಉಪೇಂದ್ರ ನಟಿಸಿದ 'ಹಾಲಿವುಡ್' (2002) ಯಂತ್ರಮಾನವನ ಕಥೆ. ಅಜಯ್ ಸರ್ಪೇಶ್ಕರ್ ನಿರ್ದೇಶನದ 'ಮಂಡಲ: ದಿ ಯುಎಫ್‌ಒ ಇನ್ಸಿಡೆಂಟ್' 2023ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಗುರುತಿಸಲಾಗದ ಹಾರುವ ವಸ್ತುವನ್ನು ಕೇಂದ್ರವಾಗಿಸಿಕೊಂಡ ಈ ಚಿತ್ರದಲ್ಲಿ ಅನಂತ್ ನಾಗ್, ಪ್ರಕಾಶ್ ಬೆಳವಾಡಿ, ಶರ್ಮಿಳಾ ಮಾಂಡ್ರೆ ಮತ್ತು ಸಂಯುಕ್ತಾ ಹೊರನಾಡು ನಟಿಸಿದ್ದಾರೆ.