ನೋಟಿಗೆ ಮಿತಿ, ಗಾಬರಿಗೆ ಸಾಲ

ಅರ್ಥಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಒಂದು ಮಾತು ತಲೆಮಾರುಗಳಿಂದ ನಡೆದುಬಂದಿದೆ. ಆಡಂ ಸ್ಮಿತ್, ಡೇವಿಡ್ ರಿಕಾರ್ಡೊ, ಜಾನ್ ಸ್ಟುವರ್ಟ್ ಮಿಲ್ ಮೊದಲಾದ ಅಭಿಜಾತ ಪಂಥದ ಚಿಂತಕರಿಗೆ ಹಣವೆಂದರೆ ಬರೀ ಮುಸುಕು. ಭೂಮಿ, ದುಡಿಮೆ, ಬಂಡವಾಳ ಮಾತ್ರ ನಿಜ. ಹಣ ದುಪ್ಪಟ್ಟಾದರೆ ಬೆಲೆಯೂ ದುಪ್ಪಟ್ಟಾಗುತ್ತದೆ, ಅದಕ್ಕಿಂತ ಹೆಚ್ಚಿನದೇನೂ ಆಗುವುದಿಲ್ಲ ಎಂದು ಅವರು ತಿಳಿದಿದ್ದರು ಎಂಬುದು ಆ ಮಾತು. ಇದರಲ್ಲಿ ಸತ್ಯದ ಅಂಶ ಇದೆ. ಆದರೆ ಡೇವಿಡ್ ಹ್ಯೂಮ್ 1752ರಷ್ಟು ಹಿಂದೆಯೇ, ಹೊಸ ಹಣ ಬಂದು ಬೆಲೆಗಳು ಏರುವುದರೊಳಗಿನ ಅವಧಿಯಲ್ಲಿ ಕಸುಬು-ವ್ಯಾಪಾರಗಳು ಚುರುಕಾಗುತ್ತವೆ ಎಂದು ಬರೆದಿದ್ದ. ಮಿಲ್ ಕೂಡ ಹಣವನ್ನು ಒಂದು ಯಂತ್ರವೆಂದು ಕರೆದು, ಕೆಟ್ಟುನಿಂತಾಗ ಅದರ ಪರಿಣಾಮ ಎಲ್ಲ ಕಡೆಗೂ ತಟ್ಟುತ್ತದೆ ಎಂದು ಸೇರಿಸಿದ್ದ. 1797ರಿಂದ 1873ರವರೆಗೆ ಈ ಪಂಥದ ಅತ್ಯುತ್ತಮ ಬುದ್ಧಿಗಳೆಲ್ಲ ಒಂದೇ ಸಂಸ್ಥೆಯ ಸುತ್ತ ಕಾದಾಡಿದವು. ಲಂಡನ್ನಿನ ಥ್ರೆಡ್‌ನೀಡಲ್ ಬೀದಿಯ ಬ್ಯಾಂಕ್ ಆಫ್ ಇಂಗ್ಲೆಂಡ್ ಆ ಸಂಸ್ಥೆ. ಈ ಜಗಳದಲ್ಲಿ ಸರಿಯಾದ ಉತ್ತರ ಬಹುಮಟ್ಟಿಗೆ 1802ರಲ್ಲಿಯೇ ಸಿಕ್ಕಿತ್ತು, ಅದರ ಅರ್ಧವನ್ನು ಒಂದು ಬಣ, ಇನ್ನರ್ಧವನ್ನು ಇನ್ನೊಂದು ಬಣ ಹಂಚಿಕೊಂಡು ಎಪ್ಪತ್ತು ವರ್ಷ ಕಳೆದವು ಎಂಬುದು ನನ್ನ ವಾದ.

ಈ ಬ್ಯಾಂಕು ಹುಟ್ಟಿದ್ದು 1694ರಲ್ಲಿ. ಫ್ರಾನ್ಸಿನ ಮೇಲಿನ ಯುದ್ಧಕ್ಕೆ ಕಾಸಿಲ್ಲದ ಮೂರನೆಯ ವಿಲಿಯಂ ಸರ್ಕಾರಕ್ಕೆ ಶೇ 8ರ ಬಡ್ಡಿಯಲ್ಲಿ 12 ಲಕ್ಷ ಪೌಂಡ್ ಸಾಲ ಕೊಟ್ಟ ಷೇರುದಾರರ ಕಂಪನಿ ಅದು. ಇಂಗ್ಲೆಂಡಿನಲ್ಲಿ ನೋಟು ಹೊರಡಿಸುವ ಬೇರೆ ಯಾವ ಬ್ಯಾಂಕಿಗೂ ಆರು ಜನಕ್ಕಿಂತ ಹೆಚ್ಚು ಪಾಲುದಾರರು ಇರಕೂಡದೆಂಬ ಕಾನೂನು ಬಂದಮೇಲೆ ಅದಕ್ಕೆ ಎದುರಾಳಿಯೇ ಇಲ್ಲವಾಯಿತು. ಊರೂರಿನ ಸಣ್ಣ ಬ್ಯಾಂಕುಗಳು ತಮ್ಮ ಮೀಸಲು ಹಣವನ್ನು ಲಂಡನ್ನಿನ ಬ್ಯಾಂಕರುಗಳಲ್ಲಿ ಇಟ್ಟವು, ಲಂಡನ್ನಿನವರು ಥ್ರೆಡ್‌ನೀಡಲ್ ಬೀದಿಯಲ್ಲಿ ಇಟ್ಟರು. ಹೀಗೆ ಯಾರೂ ಯೋಜಿಸದೆಯೇ ಇಡೀ ದೇಶದ ಚಿನ್ನ ಒಂದು ಕಟ್ಟಡದ ನೆಲಮಾಳಿಗೆಗೆ ಬಂದು ಸೇರಿತು. 1797ರ ಫೆಬ್ರುವರಿಯಲ್ಲಿ ಫ್ರೆಂಚ್ ಸೈನಿಕರ ಸಣ್ಣದೊಂದು ತುಕಡಿ ವೇಲ್ಸ್‌ನ ಫಿಶ್‌ಗಾರ್ಡ್ ಬಳಿ ಇಳಿದ ಸುದ್ದಿ ಹಬ್ಬಿ, ನೋಟು ಕೊಟ್ಟು ಚಿನ್ನ ಪಡೆಯಲು ಜನ ಮುಗಿಬಿದ್ದರು. ಚಿನ್ನ ಕೊಡುವುದನ್ನು ನಿಲ್ಲಿಸುವಂತೆ ಸರ್ಕಾರ ಫೆಬ್ರುವರಿ 26ರ ಭಾನುವಾರ ಆಜ್ಞೆ ಹೊರಡಿಸಿತು. ತಾತ್ಕಾಲಿಕವೆಂದು ಬಂದ ಈ ತಡೆ 1821ರವರೆಗೆ ಉಳಿಯಿತು. ಕಾಗದದ ಹಿಂದೆ ಚಿನ್ನವಿಲ್ಲದೆ ಒಂದು ದೊಡ್ಡ ವಾಣಿಜ್ಯ ರಾಷ್ಟ್ರ ಕಾಲು ಶತಮಾನದಷ್ಟು ಕಾಲ ಬದುಕಬೇಕಾಗಿ ಬಂತು. ಹಾಗಾದರೆ ಎಷ್ಟು ನೋಟು ಹೊರಡಿಸಬೇಕು, ಅದನ್ನು ಯಾರು ನಿರ್ಧರಿಸಬೇಕು ಎಂಬ ಪ್ರಶ್ನೆ ಅಲ್ಲಿಂದ ಮುಂದೆ ತಪ್ಪಿಸಿಕೊಳ್ಳಲಾಗದ್ದಾಯಿತು.

ಬ್ಯಾಂಕಿನ ನಿರ್ದೇಶಕರ ಬಳಿ ಸಿದ್ಧ ಉತ್ತರವೊಂದಿತ್ತು, ಅದಕ್ಕೆ ಸ್ಮಿತ್‌ನ ಹೆಸರಿನ ಬಲವೂ ಇತ್ತು. ನಿಜವಾದ ಸರಕು ಕೈಬದಲಾದಾಗ ಹುಟ್ಟಿದ, ಕೆಲವೇ ತಿಂಗಳಲ್ಲಿ ತೀರುವ, ನಂಬಿಕಸ್ಥ ವ್ಯಾಪಾರಿಯ ಹುಂಡಿಗಳ ಮೇಲೆ ಮಾತ್ರ ಸಾಲ ಕೊಟ್ಟರೆ ನೋಟು ಎಂದಿಗೂ ಮಿತಿಮೀರದು, ಸರಕು ಮಾರಿ ಸಾಲ ತೀರಿದೊಡನೆ ನೋಟು ತಾನಾಗಿ ಹಿಂದಿರುಗುತ್ತದೆ ಎಂಬುದು ಆ ಉತ್ತರ. 1772ರಲ್ಲಿ ಸ್ಕಾಟ್ಲೆಂಡಿನ ಏರ್ ಬ್ಯಾಂಕು ಸುಳ್ಳು ಹುಂಡಿಗಳ ಮೇಲೆ ಸಾಲ ಸುರಿದು ಮುಳುಗಿದ್ದನ್ನು ಕಂಡಿದ್ದ ಸ್ಮಿತ್‌ಗೆ ಈ ಎಚ್ಚರ ಸಹಜವೇ. ಆದರೆ ಅವನು ಬರೆದದ್ದು ನೋಟಿಗೆ ಚಿನ್ನ ಸಿಗುತ್ತಿದ್ದ ಕಾಲದಲ್ಲಿ. ಆ ಕಟ್ಟು ಬಿಚ್ಚಿದ ಮೇಲೂ ಅದೇ ಸೂತ್ರ ಸಾಕೆಂದದ್ದು ನಿರ್ದೇಶಕರ ತಪ್ಪು. ಅದನ್ನು ಬಿಡಿಸಿ ತೋರಿಸಿದವನು ಹೆನ್ರಿ ಥಾರ್ನ್‌ಟನ್. ಆಗಿನ ಇಂಗ್ಲೆಂಡಿನ ಕಾನೂನಿನಂತೆ ಶೇ 5ಕ್ಕಿಂತ ಹೆಚ್ಚು ಬಡ್ಡಿ ಪಡೆಯುವಂತಿರಲಿಲ್ಲ. ಯುದ್ಧಕಾಲದ ವ್ಯಾಪಾರದಲ್ಲಿ ಶೇ 10 ಲಾಭ ಸಿಗುತ್ತದೆಂದು ಇಟ್ಟುಕೊಳ್ಳಿ. ಐದಕ್ಕೆ ತಂದು ಹತ್ತು ಗಳಿಸುವವನು ಸಾಲ ಕೇಳುವುದನ್ನು ಯಾವ ಹಂತದಲ್ಲಿ ನಿಲ್ಲಿಸುತ್ತಾನೆ? ಹೆಚ್ಚು ನೋಟು ಬಂದು ಸರಕಿನ ಬೆಲೆ ಏರಿದರೆ, ಅದೇ ಮೂಟೆ ಹತ್ತಿಯ ಮೇಲೆ ಬರೆಯುವ ಹುಂಡಿಯ ಮೊತ್ತವೂ ಏರುತ್ತದೆ. ಹುಂಡಿ ಪೂರ್ತಿ ಸಾಚಾ, ವ್ಯಾಪಾರಿ ಪೂರ್ತಿ ಪ್ರಾಮಾಣಿಕ, ಆದರೂ ನೋಟು ಹೆಚ್ಚುತ್ತಲೇ ಹೋಗುತ್ತದೆ. ಸಾಲಗಾರನ ಯೋಗ್ಯತೆಯನ್ನು ಅಳೆಯುವ ಕೋಲಿನಿಂದ ದೇಶದ ಹಣದ ಪ್ರಮಾಣವನ್ನು ಅಳೆಯಲಾಗದು. ಹಣದ ಕುರಿತು ಆ ಶತಮಾನ ಕಂಡುಕೊಂಡ ಅತಿ ಮುಖ್ಯವಾದ ಸಂಗತಿ ಇದೆಂದು ನಾನು ತಿಳಿಯುತ್ತೇನೆ.

ಥಾರ್ನ್‌ಟನ್ ಸ್ವತಃ ಲಂಡನ್ನಿನ ಬ್ಯಾಂಕರು, ಸಂಸತ್ ಸದಸ್ಯ, ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ಕ್ಲಾಪ್‌ಹ್ಯಾಂ ಬಳಗದವನು. ಅವನ ಅಣ್ಣ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದವನು. ಗ್ರೇಟ್ ಬ್ರಿಟನ್ನಿನ ಕಾಗದದ ಸಾಲವ್ಯವಸ್ಥೆಯ ಕುರಿತು 1802ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿ ನೋಟಿಗೆ ಮಿತಿ ಬೇಕೆಂಬ ಮಾತಿನಷ್ಟೇ ತೂಕದ ಇನ್ನೊಂದು ಮಾತಿದೆ. ಚಿನ್ನ ಎರಡು ಕಾರಣಕ್ಕೆ ಬ್ಯಾಂಕಿನಿಂದ ಹೊರಹೋಗುತ್ತದೆ. ನೋಟು ಹೆಚ್ಚಿ, ಬೆಲೆಗಳು ಏರಿ, ಹೊರದೇಶಕ್ಕೆ ಚಿನ್ನ ಸೋರುವುದು ಒಂದು. ಒಳಗಿನ ಜನವೇ ಬೆದರಿ, ಸಿಕ್ಕಿದ ಚಿನ್ನವನ್ನೂ ನಂಬಿಕೆಯ ನೋಟನ್ನೂ ಪೆಟ್ಟಿಗೆಯಲ್ಲಿ ಮುಚ್ಚಿಡುವುದು ಇನ್ನೊಂದು. ಮೊದಲನೆಯದಕ್ಕೆ ನೋಟನ್ನು ಬಿಗಿಹಿಡಿಯುವುದು ಮದ್ದು. ಎರಡನೆಯದಕ್ಕೆ ಅದೇ ಮದ್ದು ಕೊಟ್ಟರೆ ರೋಗಿ ಉಳಿಯುವುದಿಲ್ಲ. ಜನ ಹಣವನ್ನು ಅಡಗಿಸಿಟ್ಟಾಗ ಓಡಾಡುವ ಹಣ ಆಗಲೇ ಕಡಿಮೆಯಾಗಿರುತ್ತದೆ. ಬ್ಯಾಂಕೂ ಕೈ ಹಿಂದೆಗೆದರೆ ಗಟ್ಟಿಮುಟ್ಟಾದ ವ್ಯಾಪಾರಿಗಳೂ ಬೀಳುತ್ತಾರೆ, ಕೂಲಿ ನಿಲ್ಲುತ್ತದೆ. ಆದ್ದರಿಂದ ಭೀತಿಯ ದಿನಗಳಲ್ಲಿ ಬ್ಯಾಂಕು ಧಾರಾಳವಾಗಿ ಸಾಲ ಕೊಡಬೇಕು ಎಂದ ಥಾರ್ನ್‌ಟನ್.

ಇಷ್ಟು ಪೂರ್ಣವಾದ ಚಿತ್ರ ಕೈಯಲ್ಲಿದ್ದೂ ಚರ್ಚೆ ಮುಂದೆ ಸಾಗಿದ್ದು ಅದರ ಮೊದಲರ್ಧವನ್ನು ಹಿಡಿದುಕೊಂಡು. 1809ರಲ್ಲಿ ಷೇರುಪೇಟೆಯ ದಲ್ಲಾಳಿ ರಿಕಾರ್ಡೊ ಮಾರ್ನಿಂಗ್ ಕ್ರಾನಿಕಲ್ ಪತ್ರಿಕೆಗೆ ಬರೆದು ಒಂದು ಲೆಕ್ಕವನ್ನು ಜನರ ಮುಂದಿಟ್ಟ. ಟಂಕಸಾಲೆಯ ದರದಲ್ಲಿ ಒಂದು ಔನ್ಸ್ ಚಿನ್ನಕ್ಕೆ 3 ಪೌಂಡ್ 17 ಶಿಲಿಂಗ್ ಹತ್ತೂವರೆ ಪೆನ್ಸ್. ಪೇಟೆಯಲ್ಲಿ ನೋಟು ಕೊಟ್ಟು ಕೊಳ್ಳಹೋದರೆ 4 ಪೌಂಡ್ 10 ಶಿಲಿಂಗ್‌ನ ಹತ್ತಿರ. ಹದಿನೈದು ಪರ್ಸೆಂಟಿನ ಈ ಅಂತರಕ್ಕೆ ಕಾರಣ ಚಿನ್ನ ತುಟ್ಟಿಯಾದದ್ದಲ್ಲ, ನೋಟು ಅಗ್ಗವಾದದ್ದು. ಅದಕ್ಕೆ ಬ್ಯಾಂಕೇ ಹೊಣೆ ಎಂದ ರಿಕಾರ್ಡೊ. ಫ್ರಾನ್ಸಿಸ್ ಹಾರ್ನರ್‌ನ ಅಧ್ಯಕ್ಷತೆಯಲ್ಲಿ ಥಾರ್ನ್‌ಟನ್ನೂ ಇದ್ದ ಸಂಸತ್ತಿನ ಸಮಿತಿ 1810ರಲ್ಲಿ ಇದೇ ದಿಕ್ಕಿನ ವರದಿ ಕೊಟ್ಟು, ಎರಡು ವರ್ಷದೊಳಗೆ ನೋಟಿಗೆ ಚಿನ್ನ ಕೊಡಲು ಮತ್ತೆ ಶುರುಮಾಡಬೇಕೆಂದಿತು. ಇದಕ್ಕೆ ಬಂದ ಆಕ್ಷೇಪ ಹಗುರವಾದದ್ದೇನಲ್ಲ. ಬೆಳೆ ಕೈಕೊಟ್ಟು ಧಾನ್ಯ ಆಮದಾಗುತ್ತಿತ್ತು. ನೆಪೋಲಿಯನ್ ಯೂರೋಪಿನ ಬಂದರುಗಳನ್ನು ಬ್ರಿಟಿಷ್ ಸರಕಿಗೆ ಮುಚ್ಚಿದ್ದ. ಸ್ಪೇನ್ ಮತ್ತು ಪೋರ್ಚುಗಲ್ಲಿನಲ್ಲಿದ್ದ ಸೇನೆಗೆ ಹಣ ಹೋಗುತ್ತಿತ್ತು. ಇವುಗಳಿಂದಲೇ ಚಿನ್ನ ತುಟ್ಟಿಯಾಗಬಾರದೇಕೆ ಎಂದು ಚಾರ್ಲ್ಸ್ ಬೋಸಾಂಕ್ವೆ ಮುಂತಾದವರು ಕೇಳಿದರು. ಕೆಲಕಾಲದ ಮಟ್ಟಿಗೆ ಇವು ನಿಜವಾದ ಕಾರಣಗಳೆಂದು ಥಾರ್ನ್‌ಟನ್ ಮೊದಲೇ ಒಪ್ಪಿದ್ದ, ರಿಕಾರ್ಡೊ ಒಪ್ಪಲೇ ಇಲ್ಲ. ಇಲ್ಲಿ ನಾನು ಥಾರ್ನ್‌ಟನ್ನನ ಪಕ್ಷ. ಆದರೂ ಆಕ್ಷೇಪದಿಂದ ನಿರ್ದೇಶಕರ ಸೂತ್ರ ಉಳಿಯಲಿಲ್ಲ. ಕಾರಣ ಬೆಳೆಯೋ ಯುದ್ಧವೋ, ಅದನ್ನು ಸರಿದೂಗಿಸಲು ನೋಟನ್ನು ಹಿಡಿತದಲ್ಲಿಡುವ ಕೈ ಒಂದು ಬೇಕೇ ಬೇಕಿತ್ತು. ಯುದ್ಧದ ನಡುವೆ ಸಂಸತ್ತು 1811ರಲ್ಲಿ ವರದಿಯನ್ನು ತಳ್ಳಿಹಾಕಿತು.

1821ರಲ್ಲಿ ನೋಟಿಗೆ ಮತ್ತೆ ಚಿನ್ನ ಸಿಕ್ಕಿತು. ಬೆಲೆಗಳು ಕುಸಿದವು, ಸಾಲ ಹೊತ್ತ ರೈತರೂ ಬರ್ಮಿಂಗ್‌ಹ್ಯಾಂನ ಕಾರ್ಖಾನೆಯವರೂ ನರಳಿದರು, ಅವರ ಪರವಾಗಿ ಥಾಮಸ್ ಆಟ್‌ವುಡ್ ದನಿಯೆತ್ತಿದ. 1825ರಲ್ಲಿ ಊರಿನ ಬ್ಯಾಂಕುಗಳು ಸಾಲುಸಾಲಾಗಿ ಬಿದ್ದವು. ಈ ಏರಿಳಿತಗಳಿಗೆಲ್ಲ ಬ್ಯಾಂಕಿನವರ ಮನಸ್ಸಿಗೆ ಬಂದಂತೆ ನೋಟು ಹೊರಡುವುದೇ ಮೂಲವೆಂದು ಸ್ಯಾಮ್ಯುಯೆಲ್ ಜೋನ್ಸ್ ಲಾಯ್ಡ್, ರಾಬರ್ಟ್ ಟಾರೆನ್ಸ್ ಮೊದಲಾದ ‘ಕರೆನ್ಸಿ ಪಂಥ’ದವರು ವಾದಿಸಿದರು. ನೋಟು ಹೊರಡಿಸುವ ಕೆಲಸವನ್ನು ಸಾಲ ಕೊಡುವ ಕೆಲಸದಿಂದ ಬೇರೆ ಮಾಡಬೇಕೆಂಬ ರಿಕಾರ್ಡೊನ ಯೋಜನೆ ಅವನು ಸತ್ತ ಮರುವರ್ಷ, 1824ರಲ್ಲಿ ಅಚ್ಚಾಗಿತ್ತು. 1844ರಲ್ಲಿ ರಾಬರ್ಟ್ ಪೀಲ್ ತಂದ ಶಾಸನ ಬ್ಯಾಂಕನ್ನು ಒಂದೇ ಸೂರಿನಡಿ ಎರಡು ಇಲಾಖೆಯಾಗಿ ಸೀಳಿತು. ನೋಟಿನ ಇಲಾಖೆ ಸರ್ಕಾರಿ ಸಾಲಪತ್ರಗಳ ಆಧಾರದ ಮೇಲೆ 1.4 ಕೋಟಿ ಪೌಂಡ್ ನೋಟು ಹೊರಡಿಸಬಹುದು. ಅದರಾಚೆ ಪ್ರತಿ ನೋಟಿಗೂ ನೆಲಮಾಳಿಗೆಯಲ್ಲಿ ಲೋಹ ಇರಬೇಕು. ಬ್ಯಾಂಕಿಂಗ್ ಇಲಾಖೆ ಬೇರೆ ಯಾವುದೇ ಬ್ಯಾಂಕಿನಂತೆ ತನ್ನ ಪಾಡಿಗೆ ತಾನು ವ್ಯವಹರಿಸಬಹುದು.

ಥಾಮಸ್ ಟೂಕ್ ಮತ್ತು ಜಾನ್ ಫುಲ್ಲಾರ್ಟನ್ ಇದನ್ನು ವಿರೋಧಿಸಿದರು. ಫುಲ್ಲಾರ್ಟನ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಬಂಗಾಳಕ್ಕೆ ಬಂದು ಕಲ್ಕತ್ತೆಯಲ್ಲಿ ಬ್ಯಾಂಕಿಂಗ್ ಕಲಿತವನು. ನೋಟಿಗಷ್ಟೇ ಬೇಲಿ ಹಾಕಿದರೆ ಠೇವಣಿ, ಚೆಕ್ಕು, ಹುಂಡಿಗಳ ಗತಿಯೇನು, ಅವೂ ಹಣದ ಕೆಲಸವನ್ನೇ ಮಾಡುತ್ತವಲ್ಲ ಎಂದು ಅವರು ಕೇಳಿದ್ದು ಇಂದಿಗೂ ಸರಿಯಾದ ಪ್ರಶ್ನೆ. ಆದರೆ ಸರಿಯಾಗಿ ಸಾಲ ಕೊಟ್ಟರೆ ನೋಟು ತಾನಾಗಿ ಹಿಂದಿರುಗುತ್ತದೆ ಎಂಬ ಹಳೆಯ ಸೂತ್ರಕ್ಕೆ ಅವರು ಮತ್ತೆ ಜೋತುಬಿದ್ದರು. ಶಾಸನದ ಪರೀಕ್ಷೆಗೆ ಹೆಚ್ಚು ಕಾಯಬೇಕಾಗಲಿಲ್ಲ. 1847ರ ಅಕ್ಟೋಬರಿನಲ್ಲಿ ಧಾನ್ಯದ ಸಟ್ಟಾ ವ್ಯಾಪಾರ ಮತ್ತು ರೈಲ್ವೆ ಹೂಡಿಕೆಯ ಹುಚ್ಚು ಇಳಿದು ಭೀತಿ ಹಬ್ಬಿದಾಗ, ಬ್ಯಾಂಕಿಂಗ್ ಇಲಾಖೆಯ ಮೀಸಲು 20 ಲಕ್ಷ ಪೌಂಡಿಗೂ ಕೆಳಗಿಳಿಯಿತು. ಅದೇ ಕಟ್ಟಡದ ನೋಟಿನ ಇಲಾಖೆಯಲ್ಲಿ ಸುಮಾರು 80 ಲಕ್ಷ ಪೌಂಡಿನ ಲೋಹ ಇತ್ತು, ಕಾನೂನಿನಂತೆ ಅದನ್ನು ಮುಟ್ಟುವಂತಿರಲಿಲ್ಲ. ಏರಿ ಭದ್ರವಾಗಿ ಕಟ್ಟಿ ಕೋಡಿ ಬಿಡುವುದನ್ನು ಮರೆತ ಕೆರೆ ಪೀಲ್‌ನ ಶಾಸನ. ಅಕ್ಟೋಬರ್ 25ರಂದು ಸರ್ಕಾರ ಪತ್ರ ಬರೆದು, ಬಡ್ಡಿ ಶೇ 8ಕ್ಕಿಂತ ಕಡಿಮೆಯಿಲ್ಲದಂತೆ ಸಾಲ ಕೊಡಿ, ಮಿತಿ ಮೀರಿದರೆ ಸಂಸತ್ತಿನಲ್ಲಿ ನಿಮಗೆ ರಕ್ಷಣೆ ಕೊಡಿಸುತ್ತೇವೆ ಎಂದಿತು. ಸಾಲ ಸಿಗುತ್ತದೆಂದು ಗೊತ್ತಾದೊಡನೆ ಅಡಗಿಸಿಟ್ಟ ನೋಟುಗಳು ಹೊರಬಂದವು, ಮಿತಿ ಮೀರುವ ಅಗತ್ಯವೇ ಬೀಳಲಿಲ್ಲ. 1857ರಲ್ಲೂ 1866ರಲ್ಲೂ ಇಂಥ ಪತ್ರ ಬರೆಯಬೇಕಾಯಿತು, 1857ರಲ್ಲಿ ಮಿತಿ ನಿಜವಾಗಿಯೂ ಮೀರಿತು.

ಪೌಂಡಿನ ಮೇಲೆ 1914ರವರೆಗೆ ಜಗತ್ತು ಇಟ್ಟ ನಂಬಿಕೆಗೆ ಆ ಕಟ್ಟುನಿಟ್ಟೇ ಕಾರಣವಲ್ಲವೇ ಎಂದು ಕೇಳಬಹುದು. ಕಾರಣವಿರಬಹುದು. ಆದರೆ ಮೂರು ಸಲವೂ ಆ ನಂಬಿಕೆ ಉಳಿದದ್ದು ಸಕಾಲದಲ್ಲಿ ಕಟ್ಟು ಸಡಿಲಿಸಿದ್ದರಿಂದ ಎಂಬುದನ್ನು ಮರೆಯುವಂತಿಲ್ಲ. ಇದನ್ನು ಗುಟ್ಟಾಗಿ ಮಾಡುವ ಬದಲು ಮೊದಲೇ ಸಾರಿ ಹೇಳಿ ಎಂದು ಒತ್ತಾಯಿಸಿದವನು ‘ದಿ ಎಕಾನಮಿಸ್ಟ್’ ಸಂಪಾದಕ ವಾಲ್ಟರ್ ಬ್ಯಾಜೆಟ್. 1866ರ ಮೇ 10ರಂದು ಓವರೆಂಡ್ ಗರ್ನಿ ಸಂಸ್ಥೆ ಬಾಗಿಲು ಹಾಕಿದ ಪ್ರಕರಣದ ಪಾಠಗಳನ್ನು ಅವನು 1873ರ ‘ಲೊಂಬಾರ್ಡ್ ಸ್ಟ್ರೀಟ್’ ಪುಸ್ತಕದಲ್ಲಿ ಕಟ್ಟಿಕೊಟ್ಟ: ಭೀತಿಯಲ್ಲಿ ಧಾರಾಳವಾಗಿ ಸಾಲ ಕೊಡಿ, ಬಡ್ಡಿ ಹೆಚ್ಚಿರಲಿ, ಅಡಮಾನ ಒಳ್ಳೆಯದಿರಲಿ. ಬ್ಯಾಂಕಿನ ಗವರ್ನರ್ ಆಗಿದ್ದ ಥಾಮ್ಸನ್ ಹ್ಯಾಂಕಿ ಇದನ್ನು ಅಪಾಯದ ಸಿದ್ಧಾಂತವೆಂದ. ಕಷ್ಟಕಾಲಕ್ಕೆ ಇನ್ನೊಬ್ಬರು ಇದ್ದಾರೆಂದು ಖಾತ್ರಿಯಾದರೆ ಯಾವ ಬ್ಯಾಂಕೂ ತನ್ನ ಮೀಸಲು ತಾನು ಇಟ್ಟುಕೊಳ್ಳುವುದಿಲ್ಲ ಎಂಬುದು ಅವನ ವಾದ. 2008ರಲ್ಲಿ ಅಮೆರಿಕದ ದೊಡ್ಡ ಸಂಸ್ಥೆಗಳನ್ನು ಸರ್ಕಾರ ಎತ್ತಿಹಿಡಿದದ್ದನ್ನು ನೋಡಿದವರಿಗೆ ಹ್ಯಾಂಕಿಯ ಅಂಜಿಕೆ ಪೊಳ್ಳೆನಿಸದು. ಆದರೆ ಅದಕ್ಕೂ ಥಾರ್ನ್‌ಟನ್ ಉತ್ತರಿಸಿದ್ದ: ದುಡುಕಿ ಕೆಟ್ಟವನನ್ನು ಅವನ ನಷ್ಟದಿಂದ ಪಾರುಮಾಡುವುದು ಬ್ಯಾಂಕಿನ ಕೆಲಸವಲ್ಲ, ಅವನ ಬೀಳುವಿಕೆಯಿಂದ ಇಡೀ ಪೇಟೆ ಬೀಳದಂತೆ ನೋಡಿಕೊಳ್ಳುವುದಷ್ಟೇ ಅದರ ಹೊಣೆ. 1866ರಲ್ಲಿ ಆದದ್ದೂ ಅದೇ. ಓವರೆಂಡ್ ಗರ್ನಿಯನ್ನು ಮುಳುಗಲು ಬಿಟ್ಟ ಬ್ಯಾಂಕು ಉಳಿದವರಿಗೆ ಶೇ 10ರ ಬಡ್ಡಿಯಲ್ಲಿ ಸಾಲ ಕೊಟ್ಟಿತು. ಥಾರ್ನ್‌ಟನ್ನನ ಪುಸ್ತಕ ಮಾತ್ರ ಬಹುತೇಕ ಮರೆವಿಗೆ ಸರಿದು, 1939ರಲ್ಲಿ ಫ್ರೀಡ್ರಿಕ್ ಹಾಯೆಕ್ ಸಂಪಾದಿಸಿ ಹೊರತಂದ ಮೇಲೆ ಮತ್ತೆ ಓದುಗರನ್ನು ಕಂಡಿತು.

ಈ ಜಗಳದ ಗುರುತು ನಮ್ಮ ಹಣದ ಮೇಲೂ ಉಳಿದಿದೆ. ಬ್ಯಾಜೆಟ್‌ನ ಮಾವ ಜೇಮ್ಸ್ ವಿಲ್ಸನ್ 1859ರಲ್ಲಿ ಹಣಕಾಸು ಸದಸ್ಯನಾಗಿ ಭಾರತಕ್ಕೆ ಬಂದು, ಸರ್ಕಾರಿ ನೋಟಿನ ಯೋಜನೆಯನ್ನು ಮುಂದಿಟ್ಟು, ಮರುವರ್ಷ ಕಲ್ಕತ್ತೆಯಲ್ಲಿ ತೀರಿಕೊಂಡ. 1861ರಲ್ಲಿ ಬಂದ ಕಾಗದದ ಹಣದ ಕಾಯ್ದೆ ಪೀಲ್‌ನ ಅಚ್ಚಿನಲ್ಲೇ ಎರಕವಾಯಿತು: ಸಾಲಪತ್ರಗಳ ಆಧಾರದ ಮೇಲೆ 4 ಕೋಟಿ ರೂಪಾಯಿವರೆಗೆ ನೋಟು, ಅದರಾಚೆ ಪ್ರತಿ ನೋಟಿಗೂ ಲೋಹ. 1934ರ ಭಾರತೀಯ ರಿಸರ್ವ್ ಬ್ಯಾಂಕ್ ಕಾಯ್ದೆಯ 23ನೆಯ ಕಲಂ ನೋಟು ಹೊರಡಿಸುವ ಇಲಾಖೆಯನ್ನು ಬ್ಯಾಂಕಿಂಗ್ ಇಲಾಖೆಯಿಂದ ಬೇರೆಯಾಗಿ ಇಡುತ್ತದೆ. ಅದೇ ಕಾಯ್ದೆಯ 18ನೆಯ ಕಲಂ, ವಿಶೇಷ ಸಂದರ್ಭ ಒದಗಿದೆಯೆಂದು ರಿಸರ್ವ್ ಬ್ಯಾಂಕಿಗೆ ತೋರಿದಾಗ, ಹಿಂದಿನ ಕಲಮಿನ ನಿರ್ಬಂಧಗಳನ್ನು ಬದಿಗಿಟ್ಟು ಸಾಲ ಕೊಡುವ ಅಧಿಕಾರವನ್ನು ಅದಕ್ಕೆ ಕೊಟ್ಟಿದೆ, ಹೆಚ್ಚೆಂದರೆ 90 ದಿನಗಳ ಅವಧಿಗೆ.