ಮನೆ, ಕಾಯಿ, ಗರ: ಇಬ್ಬರಾಡುವ ಆಟಗಳ ಲಿಖಿತ ಸಾಕ್ಷ್ಯಗಳು

ಹಸ್ತಪ್ರತಿಗಳ ಕಟ್ಟು ಬಿಚ್ಚಿ ಸೂಚಿ ಸಿದ್ಧಪಡಿಸುವವರಿಗೆ ಗ್ರಂಥಭಾಗದ ನಡುವೆ ಗೆರೆಯೆಳೆದ ಒಂದು ಬಿಡಿ ಪತ್ರ ದೊರೆಯುವುದುಂಟು. ಅದರಲ್ಲಿ ಕರ್ತೃವಿನ ಹೆಸರಿರುವುದಿಲ್ಲ, ಮಂಗಳಪದ್ಯವಿರುವುದಿಲ್ಲ. ಚೌಕಗಳೂ ಕೆಲವು ಗುರುತುಗಳೂ ಮಾತ್ರ ಇರುತ್ತವೆ. ಇಂತಹ ಪತ್ರವನ್ನು 'ಯಂತ್ರ' ಎಂದು ಬರೆದುಕೊಂಡು ಮುಂದೆ ಸಾಗುವುದು ಸುಲಭ. ಆದರೆ ಅದು ಯಂತ್ರವಾಗಿರದೆ ಆಟದ ಹಾಸು ಆಗಿದ್ದರೆ, ಒಂದು ಕುಟುಂಬದ ಬಿಡುವಿನ ವೇಳೆಯ ಏಕೈಕ ಲಿಖಿತ ದಾಖಲೆ ಆ ಒಂದು ಶಬ್ದದಿಂದ ಅಳಿದುಹೋದಂತಾಗುತ್ತದೆ. ಆದಕಾರಣ ಇಬ್ಬರು ಎದುರುಬದುರಾಗಿ ಕುಳಿತು ಆಡುವ ಮನೆಯಾಟಗಳ ಲಕ್ಷಣಗಳನ್ನು ಸಂಶೋಧಕರು ತಿಳಿದಿರುವುದು ಅವಶ್ಯಕ.

ಬಳ್ಳಾರಿ ಜಿಲ್ಲೆಯ ಕುರುಗೋಡನ್ನು ಇಲ್ಲಿ ಆರಂಭಬಿಂದುವಾಗಿ ಇಟ್ಟುಕೊಳ್ಳಲು ಕಾರಣವುಂಟು. ಈಗ ತಾಲ್ಲೂಕು ಕೇಂದ್ರವಾಗಿರುವ, ಏಕಶಿಲೆಯ ದೊಡ್ಡಬಸವೇಶ್ವರನಿಂದ ಪ್ರಸಿದ್ಧವಾದ ಈ ಊರು ಹನ್ನೆರಡನೆಯ ಶತಮಾನದಲ್ಲಿ ಸಿಂದರ ಒಂದು ಶಾಖೆಯ ರಾಜಧಾನಿಯಾಗಿದ್ದಿತು. ಆ ಸಿಂದರು ಕಲ್ಯಾಣ ಚಾಲುಕ್ಯರ ಸಾಮಂತರು. ಅದೇ ಚಾಲುಕ್ಯವಂಶದ ಮೂರನೆಯ ಸೋಮೇಶ್ವರನು (ಕ್ರಿ.ಶ. 1126–1138) ರಚಿಸಿದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಸಂಸ್ಕೃತ ಗ್ರಂಥವೇ ಕರ್ನಾಟಕದ ಆಟಗಳನ್ನು ಕುರಿತ ವಿಸ್ತಾರವಾದ ಪ್ರಾಚೀನ ಆಧಾರ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳುಳ್ಳ ಈ ಗ್ರಂಥದ ಕೊನೆಯ ಭಾಗಕ್ಕೆ 'ಕ್ರೀಡಾವಿಂಶತಿ' ಎಂದು ಹೆಸರು. ಉಯ್ಯಾಲೆ, ಜಲಕ್ರೀಡೆ, ಒಗಟು ಮುಂತಾದವುಗಳ ಜೊತೆಗೆ ಚತುರಂಗ, ಪಾಶಕ, ವರಾಟಕ, ಫಂಜಿಕಾ ಎಂಬ ನಾಲ್ಕು ಕ್ರೀಡೆಗಳು ಅಲ್ಲಿ ಬರುತ್ತವೆ. ಪಾಶಕವೆಂದರೆ ದಾಳ, ವರಾಟಕವೆಂದರೆ ಕವಡೆ. ದಾಳದ ಆಟಕ್ಕೂ ಕವಡೆಯ ಆಟಕ್ಕೂ ಸೋಮೇಶ್ವರನು ಬೇರೆ ಬೇರೆ ಅಧ್ಯಾಯ ಮೀಸಲಿಟ್ಟಿರುವುದು ಗಮನಾರ್ಹ. ಆದರೂ ಇದು ಅರಸನು ಅರಮನೆಯನ್ನು ಕುರಿತು ಬರೆದ ಗ್ರಂಥ. ಕುರುಗೋಡಿನ ಒಕ್ಕಲು ಮನೆಯ ಪಡಸಾಲೆ ಅದರ ದೃಷ್ಟಿಗೆ ಬೀಳುವಂತಹುದಲ್ಲ.

ಪಡಸಾಲೆಯ ಆಟಗಳಲ್ಲಿ ಮೊದಲು ಹೇಳಬೇಕಾದುದು ಚೌಕಾಬಾರ. ಇದರ ಹಾಸು ಐದೈದರ ಚೌಕ, ಒಟ್ಟು 25 ಮನೆಗಳು. ನಾಲ್ಕೂ ಅಂಚುಗಳ ನಡುಮನೆಗಳಿಗೂ ಕೇಂದ್ರಕ್ಕೂ ಅಡ್ಡಗೀಟಿನ ಗುರುತು. ಅಂಚಿನ ಗುರುತಿನ ಮನೆಗಳು ಕಟ್ಟೆಗಳು. ಅಲ್ಲಿ ಕಾಯಿಗೆ ಅಪಾಯವಿಲ್ಲ. ನಾಲ್ಕು ಕವಡೆಗಳಲ್ಲಿ ಒಂದು, ಎರಡು, ಮೂರು ಅಂಗಾತ ಬಿದ್ದರೆ ಅಷ್ಟೇ ಗರ; ನಾಲ್ಕೂ ಅಂಗಾತವಾದರೆ 'ಚೌಕ', ಅಂದರೆ ನಾಲ್ಕು; ನಾಲ್ಕೂ ಬೋರಲಾದರೆ 'ಬಾರ', ಅಂದರೆ ಎಂಟು. ಕಾಯಿ ತನ್ನ ಕಟ್ಟೆಯಿಂದ ಹೊರಟು ಹೊರಸುತ್ತಿನ ಉಳಿದ 15 ಮನೆಗಳನ್ನು ಒಂದು ದಿಕ್ಕಿನಲ್ಲಿ ನಡೆದು, ಒಳಸುತ್ತಿನ 8 ಮನೆಗಳನ್ನು ವಿರುದ್ಧ ದಿಕ್ಕಿನಲ್ಲಿ ಸುತ್ತಿ, ನಡುಮನೆಯನ್ನು ಸೇರಬೇಕು. ಒಟ್ಟು 24 ಹೆಜ್ಜೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ಕಟ್ಟಳೆ ಹಲವೆಡೆ ಉಂಟು. ಹೀಗಾಗಿ ಇಬ್ಬರೇ ಆಡುವಾಗ ಜಗಳವಾಡದೆ ಗೆಲ್ಲುವ ದಾರಿಯೇ ಇಲ್ಲ.

ಕವಡೆಯು ಎರಡು ಮಗ್ಗುಲಿಗೂ ಸಮನಾಗಿ ಬೀಳುವುದೆಂದು ಭಾವಿಸಿದರೆ ಹದಿನಾರು ಸಂಭವಗಳಲ್ಲಿ ಒಂದು ನಾಲ್ಕು ಸಲ, ಎರಡು ಆರು ಸಲ, ಮೂರು ನಾಲ್ಕು ಸಲ, ಚೌಕ ಒಮ್ಮೆ, ಬಾರ ಒಮ್ಮೆ ಬರಬೇಕು; ಸರಾಸರಿ ಗರ ಎರಡೂವರೆ. ಆದರೆ ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಒಂದರಂತೆ ಇನ್ನೊಂದು ಬೀಳುವುದಿಲ್ಲ. ಅಜ್ಜಿಯ ಕವಡೆಗಳಿಂದಲೇ ಆಡಬೇಕೆಂದು ಮೊಮ್ಮಕ್ಕಳು ಹಟ ಹಿಡಿಯುವುದರಲ್ಲಿ ಸ್ವಲ್ಪ ಗಣಿತವೂ ಅಡಗಿದೆಯೆನ್ನಬಹುದು. ನಾಲ್ಕು ಕಾಯಿಗಳ ಒಟ್ಟು ನಡೆ 96 ಹೆಜ್ಜೆಯಾಗುತ್ತದೆ. ಪಗಡೆಯ ನಾಲ್ಕು ತೋಳುಗಳ ಮನೆಗಳೂ 96 ಆಗಿರುವುದು ಕಾಕತಾಳೀಯವೆಂದೇ ತೋರುತ್ತದೆ.

ಈ ಆಟದ ಪರಿಭಾಷೆಯೂ ವಿಚಾರಾರ್ಹವಾಗಿದೆ. ಚೌಕಕ್ಕೆ ಮನೆ ಎನ್ನುತ್ತಾರೆ. ನಡೆಸುವ ವಸ್ತು ಕಾಯಿ. ಅದು ಗುರಿ ಸೇರಿದಾಗ 'ಹಣ್ಣಾಯಿತು' ಎನ್ನುತ್ತಾರೆ. ಸಂಸ್ಕೃತದ ಲಕ್ಷಣಗ್ರಂಥಗಳನ್ನು ನೋಡದ ಜನರು ತಮ್ಮ ಹಿತ್ತಿಲಿನಿಂದಲೇ ಈ ಶಬ್ದಗಳನ್ನು ತಂದುಕೊಂಡರು. ಬಿಡಿ ಪತ್ರವೊಂದರ ಅಂಚಿನಲ್ಲಿ 'ಹಣ್ಣು' ಎಂಬ ಪದವಿದ್ದರೆ ಅದನ್ನು ವೈದ್ಯಗ್ರಂಥದ ಪತ್ರವೆಂದು ಎಣಿಸುವ ಮೊದಲು ಮನೆಗಳನ್ನು ಎಣಿಸುವುದು ಒಳ್ಳೆಯದು.

ಅಳಗುಳಿಮನೆ ಸಂಪೂರ್ಣವಾಗಿ ಇಬ್ಬರ ಆಟ. ಎರಡು ಸಾಲುಗಳಲ್ಲಿ ಏಳೇಳು ಗುಳಿಗಳು. ಗುಳಿಗೆ ನಾಲ್ಕರಂತೆ ಹಾಕಿದರೆ 56, ಐದರಂತೆ ಹಾಕಿದರೆ 70 ಹುಣಸೆಬೀಜ. ತುಳುನಾಡಿನಲ್ಲಿ ಇದು ಚೆನ್ನೆಮಣೆ. ಸೋತವರು ಮುಂದಿನ ಸುತ್ತಿನಲ್ಲಿ ತಮ್ಮಲ್ಲಿ ಉಳಿದ ಬೀಜಗಳಿಂದ ತುಂಬಬಲ್ಲಷ್ಟು ಗುಳಿಗಳನ್ನು ಮಾತ್ರ ತುಂಬುವ ಪದ್ಧತಿ ದಕ್ಷಿಣ ಭಾರತದಲ್ಲಿ ವ್ಯಾಪಕವಾಗಿದೆ. ಬಡತನ ಹೇಗೆ ಬೆಳೆಯುತ್ತದೆಂಬುದು ಮಣೆಯ ಮೇಲೆಯೇ ಕಾಣುತ್ತದೆ. ಹೆಂಗಸರು ಹೆಚ್ಚಾಗಿ ಆಡಿದ ಈ ಆಟದ ಕಟ್ಟಳೆಗಳು ಬಾಯಿಂದ ಬಾಯಿಗೆ ಬಂದವು. ಲಿಪಿಕಾರರು ಗಂಡಸರಾಗಿದ್ದುದರ ಫಲವನ್ನು ಇಲ್ಲಿ ನಾವು ಅನುಭವಿಸುತ್ತಿದ್ದೇವೆ.

ಹುಲಿ-ಕುರಿ ಆಟದಲ್ಲಿ ಗರವೇ ಇಲ್ಲ. ಮೂರು ಹುಲಿ, ಹದಿನೈದು ಕುರಿಗಳ ಪ್ರಸಿದ್ಧ ಹಾಸಿನಲ್ಲಿ 23 ಸಂಧಿಗಳು; ಹುಲಿ ಹಾರಿ ಕೊಲ್ಲುತ್ತದೆ, ಕುರಿಗಳು ಸುತ್ತುಗಟ್ಟಿ ಹುಲಿಯನ್ನು ಕಟ್ಟಿಹಾಕುತ್ತವೆ. ಸಾಲುಮನೆ ಅಥವಾ ನವಕಂಕರಿಯಲ್ಲಿ 24 ಸಂಧಿಗಳು, ಒಬ್ಬೊಬ್ಬರಿಗೆ ಒಂಬತ್ತು ಕಾಯಿಗಳು.

ಎಲೆಯಾಟದ ಮಾತು ಬೇರೆ. ಗಂಜೀಫದ ಎಲೆಗಳು ಎಷ್ಟೇ ಸುಂದರವಾಗಿದ್ದರೂ ಅದು ಸಾಮಾನ್ಯವಾಗಿ ಮೂವರ ಆಟ. ದಶಾವತಾರ ಗಂಜೀಫದಲ್ಲಿ ಹತ್ತು ಬಣ್ಣ, 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) 'ಶ್ರೀತತ್ತ್ವನಿಧಿ'ಯ ಒಂಬತ್ತನೆಯದಾದ ಕೌತುಕನಿಧಿಯಲ್ಲಿ 'ಚದ' ಎಂಬ ಎಲೆಯಾಟಗಳ ವಿವರಣೆಯಿದೆ. ಅವುಗಳಲ್ಲಿ ಜಗನ್ಮೋಹನ ಚದಕ್ಕೆ 360 ಎಲೆಗಳು ಬೇಕು. ಅಷ್ಟನ್ನು ಕೈಯಲ್ಲಿ ಹಿಡಿಯಲು ಅರಮನೆಯ ಬಿಡುವೇ ಬೇಕು.

ದಂಪತಿಗಳ ಆಟಕ್ಕೆ ಶಿಲ್ಪದಲ್ಲಿ ಶ್ರೇಷ್ಠ ಸಾಕ್ಷ್ಯ ಎಲ್ಲೋರದಲ್ಲಿದೆ. 21 ಮತ್ತು 29ನೆಯ ಗುಹೆಗಳಲ್ಲಿ ಶಿವಪಾರ್ವತಿಯರು ಪಗಡೆಯಾಡುತ್ತಾರೆ. 29ನೆಯದರಲ್ಲಿ ಏಳಹೊರಟ ದೇವಿಯ ಕೈಯನ್ನು ಶಿವನು ಹಿಡಿದು ಇನ್ನೊಂದು ಆಟಕ್ಕೆ ಕರೆಯುವಂತಿದೆ. ಸ್ಕಾಂದಪುರಾಣದ ಕೇದಾರಖಂಡದ ಕಥೆಯಲ್ಲಿ ಗೆಲ್ಲುವವಳು ಪಾರ್ವತಿಯೇ. ಭಾರತದ ದ್ಯೂತಸಭೆಯಲ್ಲಿ ಪತ್ನಿಯೇ ಪಣವಾದಳು. ಇಲ್ಲಿ ಆಕೆಯೇ ಆಟಗಾರಳು. ಎರಡು ಪ್ರಸಂಗಗಳಿಗೂ ದಾಳ ಒಂದೇ ಎಂಬುದನ್ನು ಮರೆಯಬಾರದು.

ಜೈನಾಚಾರ್ಯರು ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸಿದರು. ಆದರೂ ಪಶ್ಚಿಮ ಭಾರತದ ಜೈನರಲ್ಲಿಯೇ 'ಜ್ಞಾನಚೌಪಡ'ದ ಪಟಗಳು ಕಾಗದ, ಬಟ್ಟೆಗಳ ಮೇಲೆ ರಚಿತವಾದವು. ಸಾಮಾನ್ಯವಾಗಿ 84 ಮನೆಗಳು, ಮೇಲ್ತುದಿಯಲ್ಲಿ ಸಿದ್ಧಶಿಲೆ, ನಡುವೆ ಏಣಿ ಮತ್ತು ಹಾವುಗಳು. ಈ ಪಟಗಳನ್ನು ಆಂಡ್ರ್ಯೂ ಟಾಪ್ಸ್‌ಫೀಲ್ಡ್ 1985ರಲ್ಲಿ ವಿಸ್ತಾರವಾಗಿ ವಿವೇಚಿಸಿದ್ದಾರೆ. ಇದರಲ್ಲಿ ವಿರೋಧವಿಲ್ಲ. ನಿಷೇಧ ಪಣಕ್ಕೆ, ಕರ್ಮಫಲದಿಂದ ಜೀವವು ಏರುವುದನ್ನೂ ಜಾರುವುದನ್ನೂ ತೋರಿಸುವ ಪಟದಲ್ಲಿ ಕಳೆದುಕೊಳ್ಳುವ ಧನವಿಲ್ಲ.

ಸೂಚಿಕಾರರು ಮಾಡಬೇಕಾದುದು ಇಷ್ಟು. ಮನೆಗಳನ್ನು ಎಣಿಸಬೇಕು, ಗುರುತುಗಳು ಎಲ್ಲಿವೆಯೆಂದು ಬರೆಯಬೇಕು, ಮನೆಗಳಲ್ಲಿ ಬೀಜಾಕ್ಷರಗಳಿವೆಯೋ ಅಂಕಿಗಳೋ ಬರಿದೋ ನೋಡಬೇಕು. ಮನೆಗಳಲ್ಲಿ ಪದ್ಯದ ಅಕ್ಷರಗಳಿದ್ದರೆ ಅದು ಕುದುರೆಯ ನಡೆಯಲ್ಲಿ ಓದುವ ತುರಗಪದಬಂಧವೂ ಆಗಿರಬಹುದು. ಒಂಬತ್ತನೆಯ ಶತಮಾನದ ರುದ್ರಟನೇ ತನ್ನ ಕಾವ್ಯಾಲಂಕಾರದಲ್ಲಿ ಇದನ್ನು ಹೇಳಿದ್ದಾನೆ. ಪತ್ರವು ಯಾವ ಗ್ರಂಥದ ಕಟ್ಟಿನಲ್ಲಿ ದೊರೆಯಿತೆಂಬುದನ್ನು ಬಿಡದೆ ದಾಖಲಿಸಬೇಕು.

ಇನ್ನು ಶಿಲಾಸಾಕ್ಷ್ಯ. ಹಂಪಿಯ ದೇವಾಲಯಗಳ ಹಾಸುಗಲ್ಲುಗಳಲ್ಲಿ ಕೊರೆದ ಆಟದ ಹಾಸುಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿಂದ ದೂರವಲ್ಲದ ಕುರುಗೋಡಿನ ಗುಡ್ಡದ ಬುಡದ ಗುಡಿಗಳಿಗೆ ಶಾಸನಪಠಕ್ಕಾಗಿ ಹೋಗುವವರು ಗೋಡೆಯನ್ನಷ್ಟೇ ಓದಿ ಮರಳಬಾರದು; ಜಗಲಿಯ ನೆಲವನ್ನೂ ಬೆಳಗಿನ ಓರೆಬಿಸಿಲಿನಲ್ಲಿ ಪರೀಕ್ಷಿಸಬೇಕು. ಜೀರ್ಣೋದ್ಧಾರದಲ್ಲಿ ಶಾಸನದ ಕಲ್ಲನ್ನು ಉಳಿಸುತ್ತಾರೆ, ಗೀಟಿನ ಕಲ್ಲನ್ನು ಉಜ್ಜಿ ನಯಮಾಡುತ್ತಾರೆ ಇಲ್ಲವೆ ಹೊಸ ಹಾಸಿನ ಕೆಳಗೆ ಮುಚ್ಚುತ್ತಾರೆ. ಶಾಸನಕ್ಕೆ ತೆಗೆಯುವ ಮಸಿಯಚ್ಚನ್ನೇ ಇದಕ್ಕೂ ತೆಗೆಯಬಹುದು. ಜೊತೆಗೆ ಹಾಸಿನ ಅಳತೆಯನ್ನೂ, ಅದರ ಎರಡು ಬದಿಗಳಲ್ಲಿ ಕುಳಿತುಕೊಳ್ಳಲು ಎಷ್ಟು ಸ್ಥಳವಿದೆಯೆಂಬುದನ್ನೂ ಬರೆದಿಡಬೇಕು. ಅಲ್ಲಿ ಕುಳಿತವರು ಇಬ್ಬರೋ ನಾಲ್ವರೋ ಎಂಬುದನ್ನು ತಿಳಿಯಲು ಬೇರೆ ಸಾಧನವಿಲ್ಲ.